ಹತ್ತೆಂದರೆ ಹದಿಮೂರು

ಮೇಣದಕ್ಕ ಕೆಲಸದಿಂದ ನಿವೃತ್ತಳಾಗಿ ಏಳು ವರ್ಷವಾಗಿತ್ತು. ಆದರೂ ಸಂಸ್ಥೆಯಿಂದ ಫೋನ್ ಬಂತೆಂದರೆ ಅವಳ ಬೆನ್ನು ತನ್ನಷ್ಟಕ್ಕೆ ನೆಟ್ಟಗಾಗುತ್ತಿತ್ತು. ಆ ಬೆಳಿಗ್ಗೆಯೂ ಬಟಾಣಿ ಸುಲಿಯುತ್ತ ಕೂತಿದ್ದವಳು ಫೋನನ್ನು ಕಿವಿಗಿಟ್ಟುಕೊಂಡೇ ಎದ್ದು ನಿಂತಳು. ಮಡಿಲಲ್ಲಿದ್ದ ಕಾಳೆಲ್ಲ ನೆಲದ ಪಾಲಾಯಿತು.

"ಕೂತ್ಕೊಂಡೇ ಮಾತಾಡಿ ಅತ್ತೆ. ಫೋನಿಗೆ ಕಣ್ಣಿಲ್ಲ," ಎಂದಳು ಸೊಸೆ, ಕಾಳು ಆಯುತ್ತ.

ಆ ಕಡೆ ಮಾತಾಡುತ್ತಿದ್ದುದು ಮೆದುಳು ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಒಬ್ಬಳು ಹುಡುಗಿ. ಮಾತು ಗುಬ್ಬಚ್ಚಿಯ ಚಿಲಿಪಿಲಿಯಂತೆ ಒಂದರ ಹಿಂದೊಂದು ಉದುರುತ್ತಿತ್ತು. ಮೇಣದಕ್ಕ ಜೊತೆಗೆ ದುಡಿದಿದ್ದ ಡಾಕ್ಟರಮ್ಮನಿಗೆ ಮುಂದಿನ ತಿಂಗಳು ದೊಡ್ಡ ಸನ್ಮಾನವಂತೆ. ಅವರು ಬರೆದ ನೂರಹದಿನಾಲ್ಕು ಲೇಖನಗಳ ಬಗ್ಗೆ ಒಂದು ಪುಸ್ತಕ ತರುತ್ತಾರಂತೆ. ಅದರ ಜೊತೆಗೆ ನೆಲಮಾಳಿಗೆಯಲ್ಲಿರುವ ಹಳೆಯ ಸ್ಲೈಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕಂತೆ.

"ಆದ್ರೆ ಲೇಬಲ್ ಮೇಲಿನ ಬರಹ ಯಾರಿಗೂ ಓದೋಕಾಗ್ತಿಲ್ಲ. ಮೇಣದಕ್ಕನ್ನ ಕರೀರಿ, ಆ ಕೋಳಿ ಕೆದಕಿದ್ದನ್ನ ಅವಳೇ ಓದ್ಬೇಕು ಅಂದ್ರು ಡಾಕ್ಟರಮ್ಮ."

"ಕೋಳಿನಾ? ಅವರದು ಕಾಗೆ ಕಾಲು. ಹೋಗಿ ಹೇಳು," ಎಂದಳು ಮೇಣದಕ್ಕ. ಹೇಳಿ ಫೋನ್ ಇಟ್ಟವಳ ಮುಖ ಮಾತ್ರ ತವರಿಂದ ಕರೆ ಬಂದವಳ ಮುಖದಂತಿತ್ತು.

ಮೇಣದಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಮೂವತ್ತೆಂಟು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಸತ್ತವರ ಮನೆಯವರು ದೊಡ್ಡ ಮನಸ್ಸು ಮಾಡಿ ಕೊಟ್ಟ ಮೆದುಳಿನ ತುಂಡುಗಳನ್ನು ಮೇಣದ ಅಚ್ಚಿನಲ್ಲಿ ಕೂರಿಸುವುದು. ಆ ಅಚ್ಚನ್ನು ಯಂತ್ರಕ್ಕೆ ಕಚ್ಚಿಸಿ, ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗಿನ ಪದರ ಪದರವಾಗಿ ಕತ್ತರಿಸುವುದು. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕಿಲ್ಲದಂತೆ ಗಾಜಿನ ಸ್ಲೈಡಿನ ಮೇಲೆ ಎತ್ತಿಕೊಳ್ಳುವುದು. ನೇರಳೆ ಬಣ್ಣ ಕುಡಿಸುವುದು. ಆಮೇಲೆ ಡಾಕ್ಟರಮ್ಮ ಸೂಕ್ಷ್ಮದರ್ಶಕದ ಮುಂದೆ ಕೂತು, ಮರೆವಿನ ಕಾಯಿಲೆ ಬಂದವರ ಮೆದುಳಿನಲ್ಲಿ ಎಷ್ಟು ಜೀವಕೋಶ ಉಳಿದಿವೆ, ಎಷ್ಟು ಹೋಗಿವೆ ಎಂದು ಒಂದೊಂದಾಗಿ ಎಣಿಸುತ್ತಿದ್ದರು. ಒಬ್ಬರು ಕತ್ತರಿಸಿದರು, ಇನ್ನೊಬ್ಬರು ಎಣಿಸಿದರು. ಅದರಲ್ಲೇ ಇಬ್ಬರ ತಲೆಯೂ ನೆರೆಯಿತು.

ಮಾರನೆಯ ದಿನ ಹುಡುಗಿ ನೆಲಮಾಳಿಗೆಯ ಬಾಗಿಲು ತೆಗೆದಾಗ, ಮೆದುಳು ಕೆಡದಂತೆ ಹಾಕಿಡುವ ಫಾರ್ಮಲಿನ್ನಿನ ಘಾಟು ಮತ್ತು ಕರಗಿದ ಮೇಣದ ವಾಸನೆ ಒಟ್ಟಿಗೇ ಬಂದು ಮೇಣದಕ್ಕನ ಮೂಗಿಗೆ ಬಡಿಯಿತು. ಏಳು ವರ್ಷದಿಂದ ಅಲ್ಲಿ ಯಾರೂ ಮೇಣ ಕಾಯಿಸಿರಲಿಲ್ಲ. ಆದರೂ ವಾಸನೆ ಗೋಡೆ ಬಿಟ್ಟು ಹೋಗಿರಲಿಲ್ಲ.

ಕೋಣೆ ಹಾಗೇ ಇತ್ತು. ಗೋಡೆಯ ಮೇಲ್ತುದಿಯಲ್ಲಿ ಉದ್ದನೆಯ ಕಿಟಕಿ, ಅದರಾಚೆ ದಾರಿಯಲ್ಲಿ ಹೋಗುವವರ ಕಾಲುಗಳು. ಅಲ್ಲಿ ಕೂತು ಊಟ ಮಾಡುತ್ತಿದ್ದಾಗ ಅವರಿಬ್ಬರಿಗೂ ಇಡೀ ಸಂಸ್ಥೆ ಚಪ್ಪಲಿ ಬೂಟುಗಳಿಂದಲೇ ಪರಿಚಯ. "ನೋಡು, ಹಿಮ್ಮಡಿ ಸವೆಸಿಕೊಂಡು ಲೆಕ್ಕಪತ್ರದವರು ಬಂದ್ರು," ಎನ್ನುತ್ತಿದ್ದರು ಡಾಕ್ಟರಮ್ಮ, ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ. ಆಗ ಅವರಿಗೆ ಮೂವತ್ಮೂರು, ಇವಳಿಗೆ ಇಪ್ಪತ್ತೆರಡು. ಡಾಕ್ಟರಮ್ಮನ ಜಡೆ ಸೊಂಟ ದಾಟುತ್ತಿತ್ತು. ಎಣಿಸುವಾಗ ಅಡ್ಡ ಬರಬಾರದೆಂದು ಅದನ್ನು ಬಿಳಿ ಕೋಟಿನ ಬೆನ್ನೊಳಗೆ ತುರುಕಿಕೊಳ್ಳುತ್ತಿದ್ದರು. ಸ್ಲೈಡು ಒಣಗಿಸುವ ಬಿಸಿ ತಟ್ಟೆಯ ಮೇಲೆ ಟೀ ಕಾಯಿಸಬಾರದು ಎಂದು ಗೋಡೆಗೆ ಬರೆದು ಅಂಟಿಸಿದವರೂ ಅವರೇ, ಅದರ ಮೇಲೆ ದಿನಕ್ಕೆ ಮೂರು ಸಲ ಟೀ ಇಡುತ್ತಿದ್ದವರೂ ಅವರೇ.

ಮೂಲೆಯ ಮೇಜಿನ ಮೇಲೆ, ಬಟ್ಟೆ ಹೊದ್ದುಕೊಂಡು, ಅಜ್ಜಿ ಕೂತಿದ್ದಳು.

ಅಜ್ಜಿ ಎಂದರೆ ಕತ್ತರಿಸುವ ಯಂತ್ರ. ಮೇಣದಕ್ಕ ಕೆಲಸಕ್ಕೆ ಬರುವ ಹೊತ್ತಿಗೇ ಅದಕ್ಕೆ ವಯಸ್ಸಾಗಿತ್ತು. ಬಲಗಡೆ ಕಬ್ಬಿಣದ ಚಕ್ರ, ಅದನ್ನು ಒಂದು ಸುತ್ತು ತಿರುಗಿಸಿದರೆ ಅಚ್ಚು ಅಲಗಿನ ಮೇಲೆ ಇಳಿದು ಒಂದು ಪದರ ಬಿಡುತ್ತಿತ್ತು. ಪದರದ ದಪ್ಪ ಎಷ್ಟಿರಬೇಕೆಂದು ಹೇಳಲು ಎಡಗಡೆ ಒಂದು ತಿರುಪು, ಅದರ ಸುತ್ತ ಅಂಕಿಗಳು. ಮೇಣದಕ್ಕ ಬಟ್ಟೆ ಸರಿಸಿ ಚಕ್ರದ ಹಿಡಿಯ ಮೇಲೆ ಕೈಯಿಟ್ಟಳು. ಕಟಕ್, ಕಟಕ್ ಎಂದು ಎರಡು ಸುತ್ತು ತಿರುಗಿಸಿದಳು.

"ಇದನ್ನ ಮ್ಯೂಸಿಯಮ್ಮಿಗೆ ಕೊಡ್ತಾರಂತೆ," ಎಂದಳು ಗುಬ್ಬಿ. ಫೋನಿನಲ್ಲೇ ಮೇಣದಕ್ಕ ಆ ಹುಡುಗಿಗೆ ಮನಸ್ಸಿನಲ್ಲಿ ಗುಬ್ಬಿ ಎಂದು ಹೆಸರಿಟ್ಟಾಗಿತ್ತು, ಈಗ ಬಾಯಿಬಿಟ್ಟೂ ಹಾಗೇ ಕರೆಯತೊಡಗಿದ್ದಳು.

"ನನ್ನನ್ನೂ ಪಕ್ಕದಲ್ಲೇ ಕೂರಿಸ್ತಾರೇನೋ ಕೇಳು. ಸಂಬಳ ಬೇಡ, ಟೀ ಕೊಟ್ರೆ ಸಾಕು."

ಕೆಲಸ ಶುರುವಾಯಿತು. ಗುಬ್ಬಿ ಒಬ್ಬೊಬ್ಬರ ಸ್ಲೈಡು ಜೋಡಿಸಿಟ್ಟ ತಟ್ಟೆ ತೆಗೆದು ಕೊಡುವುದು, ಮೇಣದಕ್ಕ ಲೇಬಲ್ ಓದುವುದು, ಗುಬ್ಬಿ ಟೈಪ್ ಮಾಡುವುದು. ಸ್ಲೈಡುಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಆದರೆ ಮೇಣದಕ್ಕನಿಗೆ ಎಷ್ಟೋ ಸಂಖ್ಯೆಗಳ ಹಿಂದಿನ ಮನುಷ್ಯರು ನೆನಪಿದ್ದರು. ಇದು ಹೆಂಡತಿಯನ್ನು ಅಕ್ಕ ಎಂದು ಕರೆಯಲು ಶುರುಮಾಡಿದ್ದ ಮೇಷ್ಟ್ರು. ಇದು ಹತ್ತು ವರ್ಷ ಮಾತೇ ಇಲ್ಲದೆ ಮಲಗಿದ್ದ ದರ್ಜಿ. ಅವನ ಮಗಳು ಸಹಿ ಹಾಕಲು ಬಂದಾಗ, ಅಪ್ಪನ ತಲೆಯಲ್ಲಿ ನಾನೆಲ್ಲಾದರೂ ಉಳಿದಿದ್ದರೆ ಹೇಳಿ ಎಂದು ಕೇಳಿದ್ದಳು. ಡಾಕ್ಟರಮ್ಮ ಆ ದಿನ ಎಣಿಸಲಿಲ್ಲ.

ಮಧ್ಯಾಹ್ನ ಗುಬ್ಬಿ ಪುಸ್ತಕದ ಕರಡು ತೋರಿಸಿದಳು. ಪುಟದ ತುಂಬ ಕೋಷ್ಟಕ. ಒಂದೊಂದು ಲೇಖನದ ಎದುರಿಗೂ ಒಂದೊಂದು ಅಂಕಿ.

"ಇದೇನಮ್ಮ, ಪರೀಕ್ಷೆ ಅಂಕನಾ?"

"ಹೆಚ್ಚೂ ಕಮ್ಮಿ ಹಾಗೇ. ಸೈಟೇಶನ್ ಅಂತಾರೆ. ಬೇರೆ ಯಾರಾದ್ರೂ ತಮ್ಮ ಲೇಖನದಲ್ಲಿ ಡಾಕ್ಟರಮ್ಮ ಹೀಗಂದಿದ್ದಾರೆ ಅಂತ ಬರೆದ್ರೆ ಒಂದು. ಒಟ್ಟು ಆರು ಸಾವಿರದ ಎಂಟುನೂರು ಆಗಿದೆ."

"ಓ, ನಮ್ಮ ಕಾಲದಲ್ಲಿ ಕಾರ್ಡು ಬರ್ತಿತ್ತು."

ಆ ಕಾರ್ಡುಗಳನ್ನು ನೆನೆದು ಮೇಣದಕ್ಕನ ಮುಖ ಅರಳಿತು. ಲೇಖನ ಅಚ್ಚಾದ ಮೇಲೆ ಎರಡು ಮೂರು ತಿಂಗಳಿಗೆ, ಯಾವ್ಯಾವುದೋ ದೇಶದಿಂದ ಅಂಚೆ ಕಾರ್ಡು ಬರುತ್ತಿದ್ದವು: ನಿಮ್ಮ ಲೇಖನದ ಒಂದು ಪ್ರತಿ ದಯವಿಟ್ಟು ಕಳಿಸಿಕೊಡಿ. ಡಾಕ್ಟರಮ್ಮ ಮೆಟ್ಟಿಲಿಳಿಯುವ ಸದ್ದಿನಲ್ಲೇ ಎಷ್ಟು ಬಂದಿವೆ ಎಂದು ಗೊತ್ತಾಗುತ್ತಿತ್ತು. ಮೂರಕ್ಕಿಂತ ಹೆಚ್ಚಿದ್ದರೆ ಕೊನೆಯ ಎರಡು ಮೆಟ್ಟಿಲು ಒಟ್ಟಿಗೇ ಹಾರುತ್ತಿದ್ದರು. ಓದಿ ಮುಗಿಸಿ, ಕತ್ತರಿಯಿಂದ ಸ್ಟ್ಯಾಂಪು ಕತ್ತರಿಸಿ ಇವಳ ಮಗನಿಗೆ ಕೊಡುತ್ತಿದ್ದರು. ಯಾರೋ ಒಬ್ಬರು, ಎಲ್ಲೋ ಒಂದು ಚಳಿ ದೇಶದಲ್ಲಿ, ತಾನು ಕತ್ತರಿಸಿದ ಪದರದ ಚಿತ್ರ ನೋಡಲು ಕಾಸು ಕೊಟ್ಟು ಸ್ಟ್ಯಾಂಪು ಹಚ್ಚಿದ್ದಾರೆ ಎಂಬುದು ಮೇಣದಕ್ಕನಿಗೆ ವಾರಗಟ್ಟಲೆ ಹಿಗ್ಗು ತರುತ್ತಿತ್ತು.

"ಇದಕ್ಕೆ ಸೊನ್ನೆ ಇದೆಯಲ್ಲ?" ಎಂದು ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಅದನ್ನ ಯಾರೂ ಕೇಳಿಲ್ಲ."

"ಪಾಪ. ಅದಕ್ಕೆ ನಾವು ಎರಡು ವರ್ಷ ದುಡಿದಿದ್ವಿ. ಮತ್ತೆ ಇದು? ಎರಡು ಸಾವಿರದ ನೂರನಲವತ್ತು! ಒಂದೇ ಮಗು ಇಷ್ಟು ತಿಂದು ಕೂತಿದೆ!"

ಗುಬ್ಬಿ ನಕ್ಕಳು. "ಅದೇ, ಮೇಣದಕ್ಕ, ಎಲ್ಲಕ್ಕಿಂತ ದೊಡ್ಡದು. ಪುಸ್ತಕದ ಮೊದಲ ಪುಟವೇ ಅದು. ಮರೆವಿನ ಕಾಯಿಲೆಯವರ ಮೆದುಳಲ್ಲಿ, ಅದುವರೆಗೂ ಯಾರೂ ನೋಡದ ಒಂದು ಮೂಲೆಯಲ್ಲಿ ನೂರಕ್ಕೆ ಮೂವತ್ತೆರಡು ಕೋಶ ಸತ್ತಿರುತ್ತೆ ಅಂತ ತೋರಿಸಿಕೊಟ್ರಲ್ಲ. ನನ್ನ ಥೀಸಿಸ್ಸೂ ಅದರ ಮೇಲೇ ನಿಂತಿರೋದು. ಬನ್ನಿ, ಆ ತಟ್ಟೆಗಳನ್ನೂ ಮುಗಿಸಿಬಿಡೋಣ."

ಮೊದಲು ಬಂದವು ಕಾಯಿಲೆಯವರ ತಟ್ಟೆಗಳು. ಮೇಣದಕ್ಕ ತನ್ನದೇ ಮಕ್ಕಳ ತಲೆ ಸವರಿದಂತೆ ಒಂದೊಂದನ್ನೂ ಬೆಳಕಿಗೆ ಹಿಡಿದು ಓದಿದಳು. ತಿಳಿ ನೇರಳೆ, ಒಂದು ಸುಕ್ಕಿಲ್ಲ. ಆಮೇಲೆ ಗುಬ್ಬಿ, ಹೋಲಿಕೆಗೆಂದು ಎಣಿಸಿದ್ದ ಆರೋಗ್ಯವಂತರ ಹದಿನಾರು ತಟ್ಟೆಗಳನ್ನು ತಂದಿಟ್ಟಳು.

ಮೊದಲ ಸ್ಲೈಡು ಎತ್ತಿದ ಕೂಡಲೇ ಮೇಣದಕ್ಕ ಅದನ್ನು ಬೆಳಕಿನ ಇನ್ನೂ ಹತ್ತಿರಕ್ಕೆ ಒಯ್ದಳು. ಬಣ್ಣ ಒಂದು ಛಾಯೆ ಗಾಢವಾಗಿತ್ತು. ಎರಡನೆಯದೂ ಹಾಗೇ. ಮೂರನೆಯ ತಟ್ಟೆ, ನಾಲ್ಕನೆಯದು. ಬೇರೆಯವರ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. ಅವಳ ಕಣ್ಣಿಗೆ ಅದು ಬಿಳಿ ಬಟ್ಟೆಯ ಮೇಲಿನ ಎಣ್ಣೆ ಕಲೆ.

"ಇವು ಇದರಲ್ಲಿ ಹೇಗೆ ಬಂದ್ವು? ಇವು ವಿದ್ಯಾರ್ಥಿಗಳ ಪಾಠಕ್ಕೆ ಅಲ್ವಾ?"

"ಇಲ್ವಲ್ಲ. ಲೇಖನದಲ್ಲಿ ಇದೇ ಸಂಖ್ಯೆಗಳಿವೆ. ಒಂದರಿಂದ ಹದಿನಾರು. ಯಾಕೆ?"

"ಏನಿಲ್ಲ. ಕಣ್ಣು ಸೋತಿವೆ. ನಾಳೆ ನೋಡೋಣ," ಎಂದು ಮೇಣದಕ್ಕ ಚೀಲ ಎತ್ತಿಕೊಂಡಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಆದರೆ ಹೊರಗೇನಿದೆ ಎಂದು ಅವಳು ನೋಡಲಿಲ್ಲ.

ಅಜ್ಜಿ ಸುಳ್ಳು ಹೇಳುತ್ತಾಳೆ ಎಂಬುದು ಅವಳಿಗೆ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಗೊತ್ತಾಗಿತ್ತು. ತಿರುಪನ್ನು ಹತ್ತು ಮೈಕ್ರಾನಿಗೆ, ಎಂದರೆ ಮಿಲಿಮೀಟರಿನ ನೂರನೆಯ ಒಂದು ಪಾಲಿಗೆ, ಇಟ್ಟರೂ ಪದರ ದಪ್ಪ ಬರುತ್ತಿತ್ತು, ಬಣ್ಣವನ್ನೂ ಹೆಚ್ಚು ಕುಡಿಯುತ್ತಿತ್ತು. ಕೋಶಗಳು ಒಂದರ ಮೇಲೊಂದು ಕೂತಿವೆ ಎಂದು ಡಾಕ್ಟರಮ್ಮ ದಿನವೂ ಗೊಣಗುತ್ತಿದ್ದರು. ಒಂದು ದಿನ ಮೇಣದಕ್ಕ ಯಾರಿಗೂ ಹೇಳದೆ ತಿರುಪನ್ನು ಎಂಟರ ಹತ್ತಿರ ತಂದು ಕತ್ತರಿಸಿದಳು. ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಈಗ ಕುದುರಿತು ನೋಡೇ ನಿನ್ನ ಕೈ!" ಎಂದರು. ಕೈಯಲ್ಲ, ತಿರುಪು ಎಂದು ಹೇಳಲು ಬಾಯಿ ತೆಗೆದವಳು ಮುಚ್ಚಿಕೊಂಡಳು. ಅವಳದು ವರ್ಷಕ್ಕೊಮ್ಮೆ ಮುಂದುವರಿಸುವ ಕೆಲಸ. ಪ್ರತಿ ವರ್ಷವೂ, ಇವಳೇ ಯಾಕೆ, ಇನ್ನೂ ಕಡಿಮೆಗೆ ಬರುವವರಿಲ್ಲವೇ ಎಂದು ಮೇಲಿನವರು ಕೇಳುವುದು, ಇವಳಂಥ ಕೈ ಇನ್ನೊಂದಿಲ್ಲ ಎಂದು ಡಾಕ್ಟರಮ್ಮ ಜಗಳ ಆಡುವುದು. ಆ ಗುಟ್ಟನ್ನು ಯಂತ್ರದ ರಿಜಿಸ್ಟರಿನಲ್ಲಿ ಬರೆದಿಟ್ಟರೆ ಯಾರು ಬೇಕಾದರೂ ಮೇಣದಕ್ಕ ಆಗಬಹುದಿತ್ತು. ಹಾಗಾಗಿ ಅವಳು ರಿಜಿಸ್ಟರಿನಲ್ಲಿ ಯಾವಾಗಲೂ ಹತ್ತು ಎಂದೇ ಬರೆದಳು. ಪದರವೂ ಹತ್ತೇ ಇರುತ್ತಿದ್ದುದರಿಂದ ಅದು ಸುಳ್ಳೂ ಆಗಿರಲಿಲ್ಲ.

ಮೂವತ್ತೊಂದು ವರ್ಷದ ಹಿಂದೆ ಅವಳಿಗೆ ಕಾಮಾಲೆ ಬಂತು. ಮೂರು ತಿಂಗಳು ಹಾಸಿಗೆ. ಬದಲಿಗೆ ಬಂದವನು ಇಡೀ ದಿನ ಸಿಳ್ಳೆ ಹಾಕುತ್ತಿದ್ದ ಒಬ್ಬ ಒಳ್ಳೆಯ ಮನುಷ್ಯ. ಎಲ್ಲರೂ ಅವನನ್ನು ಸಿಳ್ಳೆಯಣ್ಣ ಎನ್ನುತ್ತಿದ್ದರು. ಅವನು ರಿಜಿಸ್ಟರ್ ನೋಡಿದ, ಹತ್ತು ಎಂದಿತ್ತು, ತಿರುಪನ್ನು ಹತ್ತಕ್ಕೆ ಇಟ್ಟ. ಅದರಲ್ಲಿ ಅವನ ತಪ್ಪೇನು? ವಾಪಸು ಬಂದ ಮೇಣದಕ್ಕ ಗಾಢ ಬಣ್ಣದ ತಟ್ಟೆಗಳನ್ನು ನೋಡಿ, ಇವು ಯಾವುದಕ್ಕೆ ಎಂದು ಕೇಳಿದಳು. "ಪಾಠಕ್ಕೇನೋ ಅಂದಂಗಿತ್ತಕ್ಕ," ಎಂದು ಅವನು ಸಿಳ್ಳೆ ಹಾಕುತ್ತ ಹೋಗಿಬಿಟ್ಟ. ಡಾಕ್ಟರಮ್ಮನನ್ನು ಕೇಳಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಕೇಳಿದರೆ ಹೇಳಬೇಕಾಗುತ್ತದಲ್ಲ ಎಂದು ಅವಳು ಕೇಳಲಿಲ್ಲ.

ಒಣದ್ರಾಕ್ಷಿ ಹಾಕಿದ ಕೇಕನ್ನು ದಪ್ಪ ಕತ್ತರಿಸಿದರೆ ಹೋಳಿನಲ್ಲಿ ದ್ರಾಕ್ಷಿ ಹೆಚ್ಚು, ತೆಳ್ಳಗೆ ಕತ್ತರಿಸಿದರೆ ಕಡಿಮೆ. ಇಷ್ಟು ತಿಳಿಯಲು ಪಿಎಚ್.ಡಿ. ಬೇಕಿಲ್ಲ. ಆರೋಗ್ಯವಂತರದು ದಪ್ಪ ಹೋಳು, ಕಾಯಿಲೆಯವರದು ತೆಳ್ಳನೆಯ ಹೋಳು. ಎರಡನ್ನೂ ಎಣಿಸಿ, ಕಾಯಿಲೆಯವರಲ್ಲಿ ಇಷ್ಟು ಕಡಿಮೆ ಎಂದು ಡಾಕ್ಟರಮ್ಮ ಬರೆದರು. ಎರಡು ಸಾವಿರದ ನೂರನಲವತ್ತು ಜನ ಹೌದು ಹೌದು ಎಂದರು.

ಮನೆಯಲ್ಲಿ ಅತ್ತೆಯ ಮುಖ ನೋಡಿ ಸೊಸೆ ಕೇಳಿಯೇ ಕೇಳಿದಳು. ಮೇಣದಕ್ಕ ಎಲ್ಲವನ್ನೂ ಹೇಳಿದಳು.

"ಮೂವತ್ತು ವರ್ಷ ಆಯ್ತು ಅತ್ತೆ. ಯಾರಿಗೂ ಗೊತ್ತಿಲ್ಲ. ಸನ್ಮಾನದ ಹೊತ್ತಲ್ಲಿ ಯಾಕೆ ಕೆದಕ್ತೀರಿ? ಅವರ ಮರ್ಯಾದೆ ಏನಾಗ್ಬೇಕು?"

"ಅದೇ ನನಗೂ ಭಯ."

"ಮಾತು ಬಿಟ್ಟುಬಿಟ್ರೆ?"

ನಲವತ್ತೈದು ವರ್ಷದ ಸ್ನೇಹ ಅದು. ಗಂಡ ತೀರಿಕೊಂಡಾಗ ಹದಿನೈದು ದಿನ ಬಂದು ಪಕ್ಕದಲ್ಲಿ ಸುಮ್ಮನೆ ಕೂತು ಹೋದವರು ಅವರು. ಅದು ಹೋದರೆ ಇನ್ನೊಂದು ಗಳಿಸುವ ವಯಸ್ಸಲ್ಲ.

ಬೆಳಿಗ್ಗೆ ಸಂಸ್ಥೆಗೆ ಹೋಗದೆ ನೇರ ಡಾಕ್ಟರಮ್ಮನ ಮನೆಗೆ ಹೋದಳು. ಎರಡನೆಯ ಮಹಡಿ, ಬಾಗಿಲವರೆಗೂ ಪುಸ್ತಕದ ರಾಶಿ. ಎಪ್ಪತ್ತೆಂಟರ ಡಾಕ್ಟರಮ್ಮ ಕಿತ್ತಳೆ ಸುಲಿಯುತ್ತ, ಸನ್ಮಾನದ ಪುಸ್ತಕದ ಮೊದಲ ಪುಟ ತಿದ್ದುತ್ತಿದ್ದರು. ಸೊಂಟ ದಾಟುತ್ತಿದ್ದ ಜಡೆ ಈಗ ಬಿಳಿಯ ಸಣ್ಣ ಗಂಟು.

"ಬಾರೇ. ಓದಿದ್ಯಾ ಕೋಳಿ ಬರಹ? ಇಲ್ನೋಡು, ನನ್ನನ್ನ ಮಹಾನ್ ಚೇತನ ಅಂತ ಬರ್ದಿದ್ದಾರೆ. ಸತ್ತ ಮೇಲೆ ಬರೆಯೋದನ್ನ ಮುಂಚೇನೇ ಬರ್ದು ಖರ್ಚು ಉಳಿಸ್ತಿದ್ದಾರೆ."

ಮೇಣದಕ್ಕ ನಗಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಚೀಲವನ್ನು ಮಡಿಲಲ್ಲಿ ಹಿಡಿದು, ಮೊದಲಿಂದ ಕೊನೆಯವರೆಗೆ ಹೇಳಿದಳು. ತಿರುಪು, ಎಂಟು, ಕಾಮಾಲೆ, ಸಿಳ್ಳೆಯಣ್ಣ, ಹದಿನಾರು ತಟ್ಟೆ. ಡಾಕ್ಟರಮ್ಮನ ಕೈ ಕಿತ್ತಳೆಯ ಮೇಲೆ ನಿಂತುಬಿಟ್ಟಿತು.

"ಹದಿನಾರೂನಾ?"

"ಹದಿನಾರೂ."

"ಹದಿನಾಲ್ಕು ವರ್ಷ ಒಂದೇ ಕೋಣೇಲಿ ಕೂತಿದ್ವಲ್ಲೇ ಆ ಹೊತ್ತಿಗೆ. ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ವರ್ಷ ವರ್ಷವೂ ಕೆಲಸ ಇರುತ್ತೋ ಹೋಗುತ್ತೋ ಅಂತ ಕಾಯೋಳು ನಾನು. ಅಲ್ಲದೆ ನೀವು ನನ್ನ ಕೈ ಹೊಗಳಿಬಿಟ್ಟಿದ್ರಿ ಡಾಕ್ಟರಮ್ಮ. ಇಸ್ಕೊಂಡ ಹೊಗಳಿಕೇನ ವಾಪಸ್ ಕೊಡೋದು ಬಹಳ ಕಷ್ಟ."

"ನಾನು ಆ ಅಂಕಿ ಹಿಡ್ಕೊಂಡು ಎಷ್ಟು ದೇಶ ತಿರುಗಿದೀನಿ ಗೊತ್ತಾ? ಎಷ್ಟು ಜನ ಅದನ್ನ ನಂಬಿ ಔಷಧಿ ಹುಡುಕಿದ್ದಾರೆ ಗೊತ್ತಾ? ಎದ್ದು ಹೋಗು. ನಿನ್ನ ಮುಖ ನೋಡೋಕೆ ನನಗಾಗ್ತಿಲ್ಲ."

ಮೇಣದಕ್ಕ ಎದ್ದಳು. ಬಾಗಿಲು ತೆಗೆದು, ಮೆಲ್ಲಗೆ ಎಳೆದುಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿಯತೊಡಗಿದಳು. ಇನ್ನು ಬುಧವಾರದ ಫೋನಿಲ್ಲ, ಹಲ್ಲು ಕಟ್ಟಿಸುವಾಗ ಜೊತೆಗೆ ಬಾ ಎನ್ನುವವರಿಲ್ಲ. ಮೊದಲ ಮಹಡಿ ಮುಟ್ಟಿದ್ದಳು. ಮೇಲೆ ಬಾಗಿಲು ಧಡಾರೆಂದಿತು.

"ಹೋಗು ಅಂದ್ರೆ ಹೊರಟೇಬಿಡ್ತಾಳೆ! ನಿಲ್ಲೇ! ಈ ಮಂಡಿ ಇಟ್ಕೊಂಡು ನನ್ನನ್ನ ಕೆಳಗಿಳಿಸೋರು ಯಾರು? ಮಹಾನ್ ಚೇತನ ಅಂದ್ರೆ ಹಾರ್ಕೊಂಡು ಬರುತ್ತಾ?"

ಸಂಸ್ಥೆಗೆ ಹೊರಟ ಆಟೋದಲ್ಲಿ ಅರ್ಧ ದಾರಿ ಸಾಗಿದ ಮೇಲೆ ಡಾಕ್ಟರಮ್ಮ ಹೊರಗೆ ನೋಡುತ್ತಲೇ ಹೇಳಿದರು: "ನಾನು ಅಳೀಬೇಕಿತ್ತು. ಹೊಸಬ ಕತ್ತರಿಸಿದ್ದು ಅಂತ ನನಗೆ ಗೊತ್ತಿತ್ತು. ರಿಜಿಸ್ಟರಲ್ಲಿ ಹತ್ತು ಅಂತಿತ್ತು, ಸರಿ ಅಂದ್ಕೊಂಡೆ. ಅವಸರ ಇತ್ತು ಕಣೇ. ಆ ವರ್ಷ ನನಗೂ ಬಡ್ತಿ ಆಗ್ಬೇಕಿತ್ತು."

ನೆಲಮಾಳಿಗೆಯಲ್ಲಿ ಗುಬ್ಬಿ ಇಬ್ಬರ ಮುಖವನ್ನೂ ನೋಡಿ ಎದ್ದು ನಿಂತಳು. ಡಾಕ್ಟರಮ್ಮ ಕೋಲನ್ನು ಮೇಜಿಗೊರಗಿಸಿ ಹಳೆಯ ಸೂಕ್ಷ್ಮದರ್ಶಕದ ಮುಂದೆ ಕೂತರು. ಪದರದ ದಪ್ಪ ಅಳೆಯಲು ಅದನ್ನು ಗಾಜಿನಿಂದ ಬಿಡಿಸಬೇಕಿಲ್ಲ. ಪದರದ ಮೇಲ್ಮೈ ಸ್ಪಷ್ಟವಾಗಿ ಕಾಣುವಲ್ಲಿ ಸೂಕ್ಷ್ಮದರ್ಶಕದ ತಿರುಪಿನ ಅಂಕಿ ನೋಡಿಕೊಳ್ಳಬೇಕು, ತಳ ಸ್ಪಷ್ಟವಾಗುವಲ್ಲಿ ಮತ್ತೆ ನೋಡಬೇಕು. ನಡುವಿನ ಅಂತರಕ್ಕೆ ಗಾಜಿನಲ್ಲಿ ಬೆಳಕು ಬಾಗುವ ಲೆಕ್ಕ ಸೇರಿಸಿದರೆ ದಪ್ಪ ಸಿಗುತ್ತದೆ. ಮೊದಲು ಮೇಣದಕ್ಕನ ಸ್ಲೈಡು ಇಟ್ಟರು. ಗುಬ್ಬಿ ಲೆಕ್ಕ ಹಾಕಿ ಹತ್ತು ಎಂದಳು. ಇನ್ನೊಂದು. ಹತ್ತು. ಆಮೇಲೆ ಸಿಳ್ಳೆಯಣ್ಣನದು.

"ಹದಿಮೂರು," ಎಂದಳು ಗುಬ್ಬಿ. ದನಿ ಇಳಿದಿತ್ತು.

ಮಧ್ಯಾಹ್ನದವರೆಗೂ ಅಳೆದರು. ಡಾಕ್ಟರಮ್ಮನ ಕಣ್ಣು ಸೋತಾಗ ಗುಬ್ಬಿ ಕೂತಳು, ಗುಬ್ಬಿ ಎದ್ದಾಗ ಡಾಕ್ಟರಮ್ಮ ಕೂತರು. ಮೇಣದಕ್ಕ ಸ್ಲೈಡುಗಳನ್ನು ಒರೆಸಿ ಒರೆಸಿ ಕೈಗೆ ಕೊಟ್ಟಳು. ಯಾರೂ ಕರೆಯದೆ ಹಳೆಯ ಕಾಲ ಬಂದು ಆ ಮೂವರ ನಡುವೆ ಕೂತುಬಿಟ್ಟಿತ್ತು. "ಕೊಡು." "ತಗೊಳ್ಳಿ." "ಮುಂದಿನದು." ಇಷ್ಟೇ ಮಾತು. ನಲವತ್ತೈದು ವರ್ಷದಲ್ಲಿ ಅವರು ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಇವೇ. ಒಂದು ಸಲ ಡಾಕ್ಟರಮ್ಮ ತಲೆಯೆತ್ತದೆಯೇ, "ಟೀ ಇಡೇ," ಎಂದರು. ಮೇಣದಕ್ಕನ ಕೈ ಬಿಸಿ ತಟ್ಟೆಯ ಸ್ವಿಚ್ಚಿಗೆ ಹೋಯಿತು. ಅದು ಕೆಟ್ಟು ಎಷ್ಟೋ ವರ್ಷವಾಗಿತ್ತು.

ಹದಿನಾರೂ ತಟ್ಟೆ ಹದಿಮೂರೇ. ಗುಬ್ಬಿ ಹೊಸ ದಪ್ಪ ಹಾಕಿ ಲೆಕ್ಕ ಕಟ್ಟಿದಳು. ಸತ್ತ ಕೋಶಗಳು ನೂರಕ್ಕೆ ಮೂವತ್ತೆರಡು ಅಲ್ಲ, ಹನ್ನೆರಡು.

ಕಿಟಕಿಯಾಚೆ ಯಾರದೋ ಕಾಲುಗಳು ಬಂದವು, ಹೋದವು.

"ಸೊನ್ನೆ ಆಗಲಿಲ್ವಲ್ಲ," ಎಂದಳು ಮೇಣದಕ್ಕ ಕೊನೆಗೆ, ಹೆದರುತ್ತಲೇ.

"ಇಲ್ಲ. ಹನ್ನೆರಡಿದೆ." ಡಾಕ್ಟರಮ್ಮ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. "ಬೇರೆ ಕಡೆಯವರಿಗೆಲ್ಲ ಹತ್ತು, ಹದಿನೈದು ಬಂದಾಗ ನಾನು ನಗ್ತಿದ್ದೆ. ಅವರಿಗೆ ಎಣಿಸೋಕೆ ಬರಲ್ಲ ಅಂತಿದ್ದೆ. ಅವರು ಸುಮ್ಮನೆ ನನ್ನ ಹೆಸರು ಹಾಕಿ, ದೊಡ್ಡವರು ಹೇಳಿದ್ದಾರೆ, ನಮ್ಮದೇ ತಪ್ಪಿರಬೇಕು ಅಂತ ಬರ್ಕೊಂಡ್ರು. ಅವೂ ಆ ಎರಡು ಸಾವಿರದಲ್ಲಿ ಸೇರಿವೆ."

"ನನ್ನ ಥೀಸಿಸ್ ಗತಿ ಏನು ಡಾಕ್ಟರಮ್ಮ? ಮೊದಲ ವಾಕ್ಯವೇ ಮೂವತ್ತೆರಡು ಅಂತಿದೆ," ಎಂದಳು ಗುಬ್ಬಿ. ಅಳು ಬಾಯಿಗೆ ಬಂದಿತ್ತು.

"ನಿನಗಿನ್ನೂ ಇಪ್ಪತ್ತಾರು ವಯಸ್ಸು. ವಾಕ್ಯ ಹೊಡೆದುಹಾಕಿ ಇನ್ನೊಂದು ಬರಿ. ನನ್ನ ಪರಿಸ್ಥಿತಿ ನೋಡು. ಟೈಪ್ ಮಾಡ್ತೀಯಾ, ಅಳ್ತೀಯಾ?"

ಮೊದಲು ನಿರ್ದೇಶಕರಿಗೆ ಫೋನ್ ಹೋಯಿತು. ಆ ಕಡೆಯಿಂದ ಬರುತ್ತಿದ್ದ ಗಾಬರಿಯ ದನಿ ಕೋಣೆಯ ತುಂಬ ಕೇಳುತ್ತಿತ್ತು. ಪುಸ್ತಕ ಅಚ್ಚಿಗೆ ಹೊರಟಿದೆ, ಅತಿಥಿಗಳಿಗೆ ಹೇಳಿಯಾಗಿದೆ, ಸನ್ಮಾನ ಮುಗಿದ ಮೇಲೆ ನೋಡಿದರಾಗದೇ ಎಂದು. "ಹಾರ ಹಾಕಿಸ್ಕೊಂಡು ಆಮೇಲೆ ತಪ್ಪು ಒಪ್ಪಿಕೊಂಡ್ರೆ ಹೂವಿಗೂ ಅವಮಾನ ಕಣಪ್ಪ. ಮೊದಲ ಪುಟ ತೆಗೀರಿ. ಸನ್ಮಾನ ಬೇಕಾದ್ರೆ ಬಿಡಿ, ಬೇಡ ಅಂದ್ರೂ ಬಿಡಿ," ಎಂದು ಡಾಕ್ಟರಮ್ಮ ಇಟ್ಟುಬಿಟ್ಟರು.

ಆಮೇಲೆ ಪತ್ರಿಕೆಗೆ ತಿದ್ದುಪಡಿ ಬರೆಯಲು ಕೂತರು. ಡಾಕ್ಟರಮ್ಮ ಹೇಳುವುದು, ಗುಬ್ಬಿ ಬೆರಳಾಡಿಸುವುದು. ಬರೆದವರ ಹೆಸರು ಹಾಕುವಲ್ಲಿ ಡಾಕ್ಟರಮ್ಮ ತಮ್ಮ ಹೆಸರು ಹೇಳಿ, ಅದರ ನಂತರ ಮೇಣದಕ್ಕನ ಪೂರ್ತಿ ಹೆಸರನ್ನೂ, ಸಂಬಳದ ಚೀಟಿಯಲ್ಲಿದ್ದುದನ್ನು, ಹೇಳಿದರು.

ಮೇಣದಕ್ಕ ಸ್ಲೈಡು ಒರೆಸುವುದನ್ನು ನಿಲ್ಲಿಸಿದಳು. "ಚೆನ್ನಾಗಿದೆ ನ್ಯಾಯ. ಎರಡು ಸಾವಿರ ಜನ ಹೊಗಳಿದಾಗ ನನ್ನನ್ನ ಕೊನೇಲಿ ಸಣ್ಣ ಅಕ್ಷರದಲ್ಲಿ ನೆನೆಸ್ಕೊಂಡ್ರಿ. ತಪ್ಪು ಒಪ್ಪಿಕೊಳ್ಳೋಕೆ ಮಾತ್ರ ಪಕ್ಕದಲ್ಲಿ ಕೂರಿಸ್ತೀರಾ?"

ಗುಬ್ಬಿಯ ಬೆರಳು ನಿಂತಿತು. ಡಾಕ್ಟರಮ್ಮ ಕುರ್ಚಿಯನ್ನು ಮೇಣದಕ್ಕನ ಕಡೆ ತಿರುಗಿಸಿಕೊಂಡರು.

"ನೂರಹದಿನಾಲ್ಕರಲ್ಲೂ ಹಾಕ್ಬೇಕಿತ್ತು," ಎಂದರು. "ನನಗೆ ಹೊಳೀಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಹೊಳೆದಿತ್ತು. ಆಗ ಯಾರೂ ಹಾಕ್ತಿರ್ಲಿಲ್ಲ ಅಂತ ನಾನೂ ಸುಮ್ಮನಾದೆ. ನೀನು ತಿರುಪಿನ ವಿಷ್ಯ ಮುಚ್ಚಿಟ್ಟೆ, ನಾನು ನಿನ್ನನ್ನೇ ಮುಚ್ಚಿಟ್ಟೆ."

ಮೇಣದಕ್ಕ ಸ್ಲೈಡನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದಳು, ಒರೆಸಿದ್ದು ಸಾಲದೇನೋ ಎಂಬಂತೆ. ಆಮೇಲೆ ಕುರ್ಚಿ ಎಳೆದುಕೊಂಡು ಗುಬ್ಬಿಯ ಪಕ್ಕದಲ್ಲಿ ಕೂತಳು.

"ಹಾಕಮ್ಮ. ಆದ್ರೆ ಸಿಳ್ಳೆಯಣ್ಣನದೇನೂ ತಪ್ಪಿಲ್ಲ ಅಂತ ಮೊದಲು ಬರಿ. ಬರೆದಿದ್ದನ್ನ ನಂಬಿ ಕೆಲಸ ಮಾಡ್ದ ಅಂತ ಬರಿ. ಈಗ ನನ್ನದು ಓದು, ಏನು ಬರ್ದಿದೀಯಾ ಕೇಳೋಣ."

ಗುಬ್ಬಿ ಓದಿದಳು: ಕಾಯಿಲೆಯವರ ಮೆದುಳಿನ ಪದರಗಳನ್ನು, ಯಂತ್ರದ ದೋಷವನ್ನು ಅರಿತಿದ್ದ ಎರಡನೆಯ ಲೇಖಕಿ, ಸುಮಾರು ಹತ್ತು ಮೈಕ್ರಾನ್ ದಪ್ಪಕ್ಕೆ ಕತ್ತರಿಸಿದ್ದರು.

"ಸುಮಾರು ಅನ್ನೋದನ್ನ ತೆಗಿ," ಎಂದಳು ಮೇಣದಕ್ಕ. "ನಾನು ಸುಮಾರಾಗಿ ಯಾವತ್ತೂ ಕತ್ತರಿಸಿಲ್ಲ."

"ವಿಜ್ಞಾನದಲ್ಲಿ ಹಾಗೆ ಬರೀಬೇಕು ಮೇಣದಕ್ಕ..." ಎಂದು ಗುಬ್ಬಿ ಸಹಾಯಕ್ಕಾಗಿ ಡಾಕ್ಟರಮ್ಮನ ಕಡೆ ತಿರುಗಿದಳು.

ಡಾಕ್ಟರಮ್ಮ ಅಳತೆಯ ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಂಡು, ಮೇಣದಕ್ಕನ ಸ್ಲೈಡುಗಳ ಸಾಲಿನ ಮೇಲೆ ಬೆರಳನ್ನು ಮೇಲಿಂದ ಕೆಳಗೆ ನಿಧಾನವಾಗಿ ಇಳಿಸುತ್ತ ಹೋದರು. ಹಾಳೆ ಮುಗಿಯುವವರೆಗೂ ಬೆರಳು ಎಲ್ಲೂ ನಿಲ್ಲಲಿಲ್ಲ.

"ತೆಗೆದುಬಿಡೇ ಗುಬ್ಬಿ," ಎಂದರು.